ಅಧ್ಯಕ್ಷೆಯ ಉಪವಾಸ

ನಮ್ಮ ಮಹಿಳಾ ಸಂಘದ ಅಧ್ಯಕ್ಷೆ ಹೊಸಪೇಟೆಯ ದೊಡ್ಡ ಅಂಗಡಿ ಮನೆತನದವರು. ಅದಿರಿನ ಲಾರಿಗಳು ರಸ್ತೆಯನ್ನೆಲ್ಲ ಕೆಂಪು ಮಾಡಿದ್ದ ಆ ವರ್ಷಗಳಲ್ಲಿ ಗಣಿಯ ಕೂಲಿ ಹೆಂಗಸರಿಗಾಗಿ ಅವರಷ್ಟು ಓಡಾಡಿದವರನ್ನು ನಾನು ಕಾಣೆ. ಗಣಿ ಕಚೇರಿಯಲ್ಲಿ ಮೇಜು ಬಡಿದು ಮಾತಾಡುತ್ತಿದ್ದರು. ಹೊರಗೆ ಬಂದು ಸೆರಗಿನ ಧೂಳು ಕೊಡವುತ್ತ, "ಹೆಣ್ಣಂದಮ್ಯಾಲ ನಾವೆಲ್ಲಾ ಒಂದೇ ರೀ" ಅನ್ನುತ್ತಿದ್ದರು.

ಸಂಘದ ಸಭೆ ಬಂಡ್ರಿಯ ದಲಿತ ಕೇರಿಯಲ್ಲಿ. ಮಾತು ಮುಗಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದ ಕೂಡಲೇ ಅಧ್ಯಕ್ಷೆ ಕೈ ಮುಗಿಯುತ್ತಿದ್ದರು: "ನನಗ ಇವತ್ತು ಉಪವಾಸ ಐತ್ರೀ." ಸೋಮವಾರವೂ ಉಪವಾಸ, ಗುರುವಾರವೂ ಉಪವಾಸ. ವಾಪಸು ಬರುವಾಗ ಸಂಡೂರಿನ ಹೋಟೆಲ್ ಮುಂದೆ ಜೀಪು ನಿಲ್ಲುತ್ತಿತ್ತು, ಬಿಸಿ ಮಿರ್ಚಿಯಿಂದಲೇ ಉಪವಾಸ ಮುಗಿಯುತ್ತಿತ್ತು. ಪಕ್ಕದಲ್ಲಿ ಕೂತು ನಾನೂ ತಿನ್ನುತ್ತಿದ್ದೆ.

ಒಮ್ಮೆ ಭಾನುವಾರದ ಸಭೆಯಲ್ಲೂ ಅವರು ಕೈ ಮುಗಿದರು. ಅದಿರು ಒಡೆಯುವ ಕೆಲಸದವಳೊಬ್ಬಳು ಅಂದು ಮಿರ್ಚಿ ಕರಿದಿದ್ದಳು. ತಟ್ಟೆ ಹಿಡಿದುಕೊಂಡೇ ನಗುತ್ತ ಕೇಳಿದಳು: "ಅಕ್ಕಾರ, ನಿಮಗ ಉಪವಾಸ ಇಲ್ಲದ ದಿನ ಯಾವುದು ಹೇಳ್ರಿ. ಮೀಟಿಂಗ್ ಅವತ್ತೇ ಇಟ್ಕಂತೀವಿ."

ಅಧ್ಯಕ್ಷೆ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಕೇರಿಯ ಹೆಂಗಸರೆಲ್ಲ ತಾವೂ ಅದನ್ನೇ ನೋಡುತ್ತ ಕಾದರು.