ಅಕ್ಕನ ಹಾಡು, ಭಾವನ ಡಬ್ಬಿ

ನಮ್ಮ ಭಾವನಿಗೆ ಕನ್ನಡಕದಂಗಡಿಯಲ್ಲಿ ಕೆಲಸ. ಗಾಜು ಬದಲಿಸುತ್ತಾ "ಇದು ಚೆನ್ನಾಗ್ ಕಾಣುತ್ತಾ, ಆಗಿಂದು ಚೆನ್ನಾಗಿತ್ತಾ?" ಎಂದು ದಿನವಿಡೀ ಕೇಳಿ ಕೇಳಿ, ಕೈಯಲ್ಲಿರುವುದಕ್ಕಿಂತ ಒಳ್ಳೆಯದೊಂದು ಎಲ್ಲೋ ಇದ್ದೇ ಇರುತ್ತದೆ ಎಂಬ ಭ್ರಮೆ ಅವರಿಗೆ ಅಂಟಿಕೊಂಡಿತ್ತು.

ಅಕ್ಕ ಚೆನ್ನಾಗಿ ಹಾಡುತ್ತಾಳೆ. ಮದುವೆಯಾದ ಹೊಸದರಲ್ಲಿ ಭಾವ "ನಿನ್ನ ಹಾಡನ್ನ ಮನೇಲೇ ರೆಕಾರ್ಡ್ ಮಾಡ್ತೀನಿ" ಎಂದು ಮಾತು ಕೊಟ್ಟು, ಸೆಕೆಂಡ್‌ಹ್ಯಾಂಡ್ ಆಡಿಯೋ ಇಂಟರ್‌ಫೇಸ್ ಒಂದನ್ನು ತಂದರು. ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಡಬ್ಬಿ ಅದು. ಅದರಲ್ಲಿ ಭಾವನಿಗೆ 'ಸುಂಯ್' ಎಂಬ ಸದ್ದು ಕೇಳಿಸಿತು. ಬೇರೆ ಯಾರಿಗೂ ಕೇಳಿಸಲಿಲ್ಲ. ಆ ಸದ್ದಿಗೂ ಭಾವನಿಗೂ ಮಾತ್ರ ಪರಿಚಯ. ಮಾರಿದರು, ಇನ್ನೊಂದು ತಂದರು. ಅದನ್ನೂ ಮಾರಿದರು. ಅಕ್ಕ ಕೇಳಿದಾಗಲೆಲ್ಲ "ಸ್ವಲ್ಪ ತಡಿ, ಒಳ್ಳೇ ಡಬ್ಬಿ ಸಿಗ್ಲಿ" ಎನ್ನುವರು. ಮಕ್ಕಳು ಹೈಸ್ಕೂಲು ದಾಟಿದರೂ ಆ ಮನೆಯಲ್ಲಿ ರೆಕಾರ್ಡ್ ಆದದ್ದು ಭಾವನ "ಹಲೋ, ಹಲೋ, ಚೆಕ್" ಮಾತ್ರ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಕಾಯುತ್ತಲೇ ಇದ್ದಳು.

ಮೊನ್ನೆ ಈಗಿನ ಡಬ್ಬಿಯನ್ನೂ ಮಾರಾಟಕ್ಕಿಟ್ಟರು. ಜಾಹೀರಾತಿನಲ್ಲಿ "ಹೆಚ್ಚು ಬಳಸಿಲ್ಲ" ಎಂದು ಬರೆದಿದ್ದರು. ಹಳೇ ಮಾಲಿನ ವ್ಯಾಪಾರದಲ್ಲಿ ಅಷ್ಟು ಅಪ್ಪಟ ಸತ್ಯವನ್ನು ಯಾರೂ ಬರೆದಿರಲಾರರು.

ಕೊಳ್ಳಲು ಬಂದವರು ಟ್ಯೂಷನ್ ಮೇಷ್ಟ್ರು; ಪಾಠ ರೆಕಾರ್ಡ್ ಮಾಡಬೇಕಂತೆ. ಪರೀಕ್ಷಿಸಿ ನೋಡಲು ತಮ್ಮ ಲ್ಯಾಪ್‌ಟಾಪನ್ನೇ ತಂದಿದ್ದರು. ಭಾವ ಮೈಕಿಗೆ "ಹಲೋ, ಚೆಕ್" ಎಂದರು.

"ಇಷ್ಟರಲ್ಲಿ ಏನ್ ಗೊತ್ತಾಗುತ್ತೆ ಸಾರ್? ಏನಾದ್ರೂ ಹಾಡಿ," ಎಂದರು ಮೇಷ್ಟ್ರು.

ಹಾಡಲು ಬಾರದ ಭಾವ ಅಡುಗೆಮನೆಯ ಕಡೆ ತಿರುಗಿ, "ಬಾರೇ ಇಲ್ಲಿ, ಒಂದೆರಡು ಸಾಲು ಹಾಡು," ಎಂದು ಕೂಗಿದರು.

ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತೇ ಹಾಡಿದಳು. ಎರಡು ಸಾಲಿಗೆ ಬಿಡಲಿಲ್ಲ, ಪೂರ್ತಿ ಹಾಡಿದಳು. ನನ್ನ ಕಣ್ಣು ತುಂಬಿತು. ಮೇಷ್ಟ್ರು ಚೌಕಾಸಿ ಮಾಡುವುದನ್ನೇ ಮರೆತರು. ಭಾವ ಮಾತ್ರ ಡಬ್ಬಿಯ ದೀಪವನ್ನೇ ದಿಟ್ಟಿಸುತ್ತಿದ್ದರು.

"ನೋಡಿದ್ರಾ? ಅಷ್ಟು ಮೇಲಕ್ಕೆ ಹೋದ್ರೂ ಕೆಂಪು ದೀಪ ಹತ್ತಲಿಲ್ಲ. ದನಿ ಒಡೆಯೋದೇ ಇಲ್ಲ!"

ವ್ಯಾಪಾರ ಕುದುರಿತು. ಮೇಷ್ಟ್ರು ಡಬ್ಬಿ, ಲ್ಯಾಪ್‌ಟಾಪು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟರು. ಅಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಎಲ್ಲಿ, ನಾನು ಹಾಡಿದ್ದು ಹಾಕ್ರೀ, ಕೇಳೋಣ."

ಭಾವನಿಗೆ ಆಗಲೇ ಹೊಳೆದದ್ದು: ಹಾಡು ಮೇಷ್ಟ್ರ ಲ್ಯಾಪ್‌ಟಾಪಿನಲ್ಲೇ ಹೋಗಿತ್ತು. ಕೂಡಲೇ ಫೋನ್ ಮಾಡಿದರು.

"ಅಯ್ಯೋ, ಅದು ಟೆಸ್ಟಿಗೆ ಹಾಡಿದ್ದಲ್ವಾ ಸಾರ್?" ಎಂದರು ಮೇಷ್ಟ್ರು. "ನಿಮ್ಮನೆಯವರ ದನಿ ನನ್ ಹತ್ರ ಇಟ್ಕೊಳ್ಳೋದು ಸರಿಯಲ್ಲ ಅಂತ ಚೀಲಕ್ಕೆ ಹಾಕೋ ಮೊದ್ಲೇ ಅಳಿಸ್ಬಿಟ್ಟೆ."

ಭಾವ ಪೆಚ್ಚಾಗಿ ಅಕ್ಕನ ಮುಂದೆ ಬಂದು ನಿಂತರು.

"ಇನ್ನೊಂದ್ಸಲ ಹಾಡ್ತೀಯಾ? ಈ ಮೊಬೈಲಲ್ಲೇ ರೆಕಾರ್ಡ್ ಮಾಡ್ಕೋತೀನಿ."

ಅಕ್ಕ ಎದ್ದು ಒಳಗೆ ಹೋಗುತ್ತಾ ಹೇಳಿದಳು, "ಮೊಬೈಲು ಇಷ್ಟು ವರ್ಷ ನಿಮ್ಮ ಜೇಬಲ್ಲೇ ಇತ್ತಲ್ಲ."