ಅತ್ತೆಯ ಡೈನೋಸಾರಿಗೆ ಎ ಗ್ರೇಡ್

ಲವಂಗದೆಣ್ಣೆಯ ವಾಸನೆ ಬಂದರೆ ಸಾಮಾನ್ಯವಾಗಿ ಜನಕ್ಕೆ ಹಲ್ಲುನೋವು ನೆನಪಾಗುತ್ತದೆ. ನನಗೆ ಈಚೆಗೆ ಡೈನೋಸಾರ್ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ. ನನ್ನ ಸ್ನೇಹಿತ ಮುರಳಿ ಮಲ್ಲೇಶ್ವರದಲ್ಲಿ ಹಲ್ಲಿನ ಡಾಕ್ಟರು. ಭಾನುವಾರ ಅವನ ಕ್ಲಿನಿಕ್ಕಿಗೆ ರೋಗಿಗಳು ಬರುವುದಿಲ್ಲ, ನಾವು ಬರುತ್ತೇವೆ. ನಾವು ಅಂದರೆ ಹಳೆಯ ಆಟಿಕೆಗಳನ್ನು ಸಂಗ್ರಹಿಸುವ ನಾಲ್ಕಾರು ಗಂಡಸರು. ಎಲ್ಲರಿಗೂ ತಲೆ ನರೆತಿದೆ, ಕೆಲವರಿಗೆ ಸಕ್ಕರೆ ಕಾಯಿಲೆಯೂ ಇದೆ. ಈಚೆಗೆ ಒಂದು ಭಾನುವಾರ, ರೋಗಿಗಳು ಬಾಯಿ ತೆರೆದು ಮಲಗುವ ಕುರ್ಚಿಯ ಮೇಲೆ ನನ್ನ ಡೈನೋಸಾರನ್ನು ಮಲಗಿಸಿ, ಮೇಲಿನ ದೀಪ ಹಾಕಿ, ಮುರಳಿ ಅದರ ಬಾಯಿಗೆ ಪುಟ್ಟ ಕನ್ನಡಿ ಹಿಡಿದು ನೋಡುತ್ತಿದ್ದ. ನಾನು ಪಕ್ಕದಲ್ಲಿ ಕೈ ಕಟ್ಟಿಕೊಂಡು, ಮಗುವನ್ನು ಕರೆತಂದ ತಂದೆಯ ಹಾಗೆ ನಿಂತಿದ್ದೆ.

ಇದು ಸುಮ್ಮನೆ ಡೈನೋಸಾರಲ್ಲ, ರೂಪ ಬದಲಿಸುವ ಡೈನೋಸಾರು. ಬಾಲ ಸೀಳಿ ಎಳೆದರೆ ಎರಡು ಕಾಲಾಗುತ್ತದೆ. ಪಕ್ಕೆಯಿಂದ ಕೈಗಳು ಹೊರಬರುತ್ತವೆ. ಕೊನೆಗೆ ಮೃಗದ ತಲೆಯನ್ನು ಕತ್ತಿನ ಕೀಲಿನಲ್ಲಿ ಬಗ್ಗಿಸಿ ಎದೆಯೊಳಗೆ ಮಡಚಿದರೆ ಹಿಂದಿನಿಂದ ಮನುಷ್ಯನ ಮುಖ ಏಳುತ್ತದೆ, ರೋಬೋಟ್ ಯೋಧ ತಯಾರು. ನನ್ನದರಲ್ಲಿ ಈ ಕೊನೆಯ ಕೆಲಸ ಮಾತ್ರ ಆಗುತ್ತಿರಲಿಲ್ಲ. ಕಾಲು ಮನುಷ್ಯನದು, ಕೈ ಮನುಷ್ಯನದು, ತಲೆ ಮಾತ್ರ ಮೃಗದ್ದು. ಕತ್ತು ಅರ್ಧದಲ್ಲಿ ಸಿಕ್ಕಿಕೊಂಡು, ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಅದು ಹಾಗೇ ನಿಂತಿತ್ತು.

ಸಂಗ್ರಾಹಕರು ಆಟಿಕೆಯನ್ನು ಹೇಗೆ ನೋಡುತ್ತಾರೆಂದು ನಿಮಗೆ ಗೊತ್ತಿರಲಾರದು. ಮೊದಲು ಪ್ಲಾಸ್ಟಿಕ್ಕು ಹಳದಿಗೆ ತಿರುಗಿದೆಯೇ ಎಂದು ನೋಡಬೇಕು. ಆಮೇಲೆ ಸ್ಟಿಕ್ಕರುಗಳ ಅಂಚು. ಆಮೇಲೆ ಒಂದೊಂದೇ ಕೀಲನ್ನು ತಿರುಗಿಸಿ ಕಿವಿಗೆ ಹಿಡಿದು ಶಬ್ದ ಕೇಳಬೇಕು. ಒಳ್ಳೆಯ ಕೀಲು ಟಕ್ ಅನ್ನುತ್ತದೆ. ನನ್ನ ಮೊಣಕಾಲೂ ಮೆಟ್ಟಿಲಿಳಿಯುವಾಗ ಟಕ್ ಅನ್ನುತ್ತದೆ, ಅದಕ್ಕೆ ಯಾರೂ ಗ್ರೇಡ್ ಕೊಟ್ಟಿಲ್ಲ. ಹೆಂಡತಿ ವಸುಧಾಳನ್ನು ಇಷ್ಟು ಗಮನವಿಟ್ಟು ನಾನು ಯಾವತ್ತೂ ನೋಡಿಲ್ಲವೆಂದು ಅವಳೇ ಹೇಳಿದ್ದಾಳೆ. ಹೆಣ್ಣು ನೋಡಲು ಬಂದಾಗ ನೋಡಿದ್ದೆನಲ್ಲ ಎಂದರೆ, ಆಗ ನೀವು ಉಪ್ಪಿಟ್ಟು ನೋಡ್ತಿದ್ರಿ ಅನ್ನುತ್ತಾಳೆ.

ಮುರಳಿ ಪರೀಕ್ಷೆ ಮುಗಿಸಿ, ಕೈಗವಸು ಕಳಚಿ, ತೀರ್ಪು ಹೇಳಿದ. ಬಣ್ಣ ಚೆನ್ನಾಗಿದೆ, ಕೀಲು ಬಿಗಿಯಾಗಿವೆ, ಇಂಥ ಒಳ್ಳೆಯ ಪೀಸು ನಮ್ಮ ಗುಂಪಿನಲ್ಲೇ ಇಲ್ಲ. ಆದರೆ ಎರಡು ದೋಷ. ಒಂದು, ಕತ್ತು. ಇನ್ನೊಂದು, ಹಣೆಯ ಮೇಲಿನ ಕೆಂಪು.

“ಇದೇನ್ ಗುರು, ರಕ್ತಾನಾ?” ಅಂದ.

“ಕುಂಕುಮ,” ಅಂದೆ. “ನಮ್ಮತ್ತೆ ಇಟ್ಟಿದ್ದು.”

ಅತ್ತೆ ಎಂದರೆ ನನ್ನ ಸೋದರತ್ತೆ, ಅಪ್ಪನ ಅಕ್ಕ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ಚಾಮರಾಜಪೇಟೆಯ ನಮ್ಮ ಮನೆಗೆ ಬಂದವರು ಕೊನೆತನಕ ಅಲ್ಲೇ ಇದ್ದರು. ನವರಾತ್ರಿಗೆ ಗೊಂಬೆ ಕೂರಿಸುವುದೆಂದರೆ ಅವರಿಗೆ ಪ್ರಾಣ. ಅಟ್ಟದಿಂದ ಟ್ರಂಕು ಇಳಿಸಿ, ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಬಿಚ್ಚಿ, ಮೂಗು ಒರೆಸಿ, ಮೆಟ್ಟಿಲಿನ ಮೇಲೆ ಸಾಲಾಗಿ ಇಡುವವರು ಅವರೇ. ಕಡಲೆಕಾಳು ಉಸಲಿ ಮಾಡುವವರೂ ಅವರೇ. ಆದರೆ ಪಟ್ಟದ ಗೊಂಬೆಗೆ ಕುಂಕುಮ ಇಡುವವಳು ಅಮ್ಮ. ಸಂಜೆ ಮುತ್ತೈದೆಯರು ಬಂದರೆ ಅರಿಶಿನ ಕುಂಕುಮ ಕೊಡುವವಳು ಅಮ್ಮ. ಆ ಹೊತ್ತಿಗೆ ಅತ್ತೆ ಅಡುಗೆಮನೆಯಲ್ಲಿ ಉಸಲಿಗೆ ಕಾಯಿತುರಿ ಉದುರಿಸುತ್ತಾ ಇರುತ್ತಿದ್ದರು. ಬಂದವರು, ಈ ವರ್ಷ ಎಷ್ಟು ಲಕ್ಷಣವಾಗಿ ಜೋಡಿಸಿದೀರಮ್ಮಾ ಎಂದು ಅಮ್ಮನನ್ನು ಹೊಗಳಿ ಹೋಗುವರು. ಯಾರೂ ಕೆಟ್ಟವರಲ್ಲ ನೋಡಿ. ಹಾಗೇ ನಡೆದುಕೊಂಡು ಬಂದಿತ್ತು, ಹಾಗೇ ನಡೆಯುತ್ತಿತ್ತು.

ಒಂದು ವರ್ಷ ನವರಾತ್ರಿಗೆ ಸರಿಯಾಗಿ ಸಿಂಗಪುರದಿಂದ ಅಮ್ಮನ ತಮ್ಮ, ನನ್ನ ಮಾವ, ಬಂದರು, ಈ ಡೈನೋಸಾರನ್ನು ನನ್ನ ಕೈಗಿಟ್ಟರು. ಅದನ್ನೂ ಗೊಂಬೆಗಳ ಜೊತೆ ಕೂರಿಸಬೇಕೆಂದು ನಾನು ಹಟ ಹಿಡಿದೆ. ಎಲ್ಲಿ ಕೂರಿಸುವುದು? ನಮ್ಮ ಮನೆಯ ಕ್ರಮ ಕಟ್ಟುನಿಟ್ಟು. ದೇವರು ಮೇಲೆ, ಮನುಷ್ಯರು ನಡುವೆ, ಪ್ರಾಣಿಗಳು ಕೆಳಗೆ ರಾಗಿ ಪೈರಿನ ಪಾರ್ಕಿನಲ್ಲಿ. ಇದು ಪ್ರಾಣಿ, ಕೆಳಗಿಡು ಅಂದರು ಅಪ್ಪ. ಮಾವ ಅದನ್ನು ತಿರುಚಿ ಮುರುಚಿ ಯೋಧನನ್ನಾಗಿ ಮಾಡಿ, ಈಗ ಹೇಳಿ ಭಾವ ಅಂದರು. ಅಪ್ಪ ಕನ್ನಡಕ ಏರಿಸಿ, ಹಾಗಾದರೆ ನಡುವಿನ ಮೆಟ್ಟಿಲಿಗೆ ಎಂದು ತೀರ್ಪು ಬದಲಿಸಿದರು. ಅಮ್ಮನಿಗೆ ಇದ್ಯಾವುದೂ ಹಿಡಿಸಲಿಲ್ಲ. ಗಳಿಗೆಗೊಂದು ವೇಷ ಹಾಕುವ ಪರದೇಶದ ಪ್ಲಾಸ್ಟಿಕ್ಕು ದೇವರ ಮುಂದೆ ಬೇಡವೇ ಬೇಡ ಅಂದಳು. ನಾನು ಮೂತಿ ಊದಿಸಿಕೊಂಡು ಮಲಗಿದೆ.

ಬೆಳಗ್ಗೆ ಎದ್ದು ನೋಡಿದರೆ ಡೈನೋಸಾರು ಅರ್ಧದಲ್ಲಿ ಸಿಕ್ಕಿಕೊಂಡು ಅತ್ತೆಯ ಕೈಯಲ್ಲಿತ್ತು. ಕತ್ತು ಅಲುಗದು. ಅತ್ತೆ ಮುರಿದುಹಾಕಿದರು ಎಂದು ನಾನು ಬೀದಿಗೆ ಕೇಳುವ ಹಾಗೆ ಗೋಳಾಡಿದೆ. ಅವರು ಮಾತ್ರ ಏನೂ ಆಗಿಲ್ಲವೆಂಬಂತೆ ಮೆಟ್ಟಿಲುಗಳ ಮುಂದೆ ನಿಂತು ದಶಾವತಾರದ ಸಾಲು ನೋಡುತ್ತಿದ್ದರು. ಆ ಸಾಲಿನಲ್ಲಿ ವರಾಹ, ವಾಮನರ ನಡುವೆ ಜಾಗ ಖಾಲಿ. ಹಿಂದಿನ ವರ್ಷ ನರಸಿಂಹ ಕೈಜಾರಿ ಒಡೆದುಹೋಗಿದ್ದ. ಸೆಟ್ಟು ಮುಕ್ಕಾಯಿತೆಂದು ಅಮ್ಮ ವರ್ಷವಿಡೀ ಪೇಚಾಡಿದ್ದಳು.

“ಮೇಲೆ ಮೃಗ, ಕೆಳಗೆ ಮನುಷ್ಯ,” ಅಂದರು ಅತ್ತೆ. “ಇನ್ಯಾರಿರ್ತಾರೆ ಹೀಗೆ?” ಎಂದವರೇ ಡೈನೋಸಾರನ್ನು ಆ ಖಾಲಿ ಜಾಗದಲ್ಲಿ ನಿಲ್ಲಿಸಿಬಿಟ್ಟರು. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಕುಂಕುಮದ ಬಟ್ಟಲಿಗೆ ಬೆರಳದ್ದಿ ಅದರ ಹಣೆಗೆ ಇಟ್ಟರು. ಅವರು ಆ ಬಟ್ಟಲು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಅಕ್ಕಾ, ಇದಕ್ಕೇನು ಶಾಸ್ತ್ರ ಇದ್ಯಾ?” ಅಂದಳು ಅಮ್ಮ.

“ಇಲ್ಲ,” ಅಂದರು ಅತ್ತೆ. “ಶಾಸ್ತ್ರ ಇಲ್ದೇ ಇರೋದಕ್ಕೇ ನಾನಿಡ್ತಿರೋದು.”

ಆಮೇಲೆ ಪ್ರತಿ ವರ್ಷವೂ ಅದೇ ಜಾಗ, ಅದೇ ಅರ್ಧ ಕತ್ತು, ಅತ್ತೆಯದೇ ಕುಂಕುಮ. ಬಂದ ಹೆಂಗಸರು ಇದ್ಯಾವ ಊರಿನ ನರಸಿಂಹ ಎಂದು ಕೇಳಿದರೆ, ಸಿಂಗಪುರದ್ದು ಎಂದು ಅಡುಗೆಮನೆಯಿಂದಲೇ ಉತ್ತರ ಬರುತ್ತಿತ್ತು. ಮನೆಯಲ್ಲಿ ಮಾತ್ರ ಏನು ಕೆಟ್ಟರೂ, ರೇಡಿಯೋ ಕೆಟ್ಟರೂ, ಅತ್ತೆ ಮುಟ್ಟಿರಬೇಕು ಎಂಬುದು ತಮಾಷೆಯಾಯಿತು. ಅತ್ತೆಯೂ ನಗುತ್ತಿದ್ದರು.

ಇದನ್ನೆಲ್ಲ ನಾನು ಮುರಳಿಗೆ ಹೇಳಿದೆನೇ? ಇಲ್ಲ. ಗ್ರೇಡ್ ಎಷ್ಟು ಎಂದು ಕೇಳಿದೆ. ಹೀಗೇ ಬಿಟ್ಟರೆ ಸಿ, ಸರಿಮಾಡಿದರೆ ಎ ಅಂದ. ಎ ಎಂಬ ಅಕ್ಷರ ಕಿವಿಗೆ ಬಿದ್ದ ಮೇಲೆ ನನಗೆ ಇನ್ನೇನೂ ಕೇಳಿಸಲಿಲ್ಲ. ಸರಿ, ಮಾಡಪ್ಪ ಅಂದೆ. ಅವನು ಹಲ್ಲು ಬೆಳ್ಳಗೆ ಮಾಡುವ ಔಷಧಿಯನ್ನು ಹತ್ತಿಗೆ ಹಚ್ಚಿ ಹಣೆಯ ಮೇಲಿಟ್ಟ. ಅದು ಕೆಲಸ ಮಾಡುವಷ್ಟರಲ್ಲಿ ಸಣ್ಣ ಕೊಕ್ಕೆಯೊಂದನ್ನು ಕತ್ತಿನ ಸಂದಿಗೆ ಹಾಕಿ ಕೆದಕಿದ. ಕಪ್ಪಗೆ ಗಟ್ಟಿಯಾದ ಏನೋ ಉಂಡೆ ಈಚೆ ಬಂತು.

“ಮುರಿದೇ ಇಲ್ಲ ಕಣೋ,” ಅಂದ. “ಯಾರೋ ಬೇಕೂಂತ ಹತ್ತಿ ತುರುಕಿದಾರೆ.”

ನಾನು ಬಗ್ಗಿ ನೋಡಿದೆ. ಎಣ್ಣೆ ಕುಡಿದು ಕಲ್ಲಾಗಿದ್ದ ಹೂಬತ್ತಿ. ಮುರಳಿ ಅದನ್ನು ಕಿತ್ತ ಹಲ್ಲು ಎಸೆಯುವ ಡಬ್ಬಿಗೆ ಹಾಕಿದ. ಔಷಧಿಯ ಹತ್ತಿ ತೆಗೆದರೆ ಹಣೆ ಹೊಸದರಂತೆ ಹೊಳೆಯಿತು, ಕತ್ತು ಟಕ್ ಎಂದು ಬಗ್ಗಿತು, ಯೋಧನ ಮುಖ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಬೈ-ಟು ಕಾಫಿ ನನ್ನ ಲೆಕ್ಕದಲ್ಲೇ ಬಂತು. ಮೆಟ್ರೋದಲ್ಲಿ ವಾಪಸ್ಸು ಬರುವಾಗ ಮಾತ್ರ, ಮತ್ತೆ ಮತ್ತೆ ಚೀಲ ತೆರೆದು ಆ ಕತ್ತನ್ನೇ ನೋಡುತ್ತಿದ್ದೆ. ಕಾಫಿ ಜಾಸ್ತಿಯಾಯಿತು ಅಂದುಕೊಂಡೆ.

ಈಗ ನಾವಿರುವುದು ತ್ಯಾಗರಾಜನಗರದ ಫ್ಲ್ಯಾಟಿನಲ್ಲಿ, ಅಮ್ಮನೂ ನಮ್ಮ ಜೊತೆಗೇ. ಅಪ್ಪ ಹೋದ ಮೇಲೆ ಅಮ್ಮ ಕುಂಕುಮದ ಬಟ್ಟಲು ಮುಟ್ಟಿಲ್ಲ. ಈಗೆಲ್ಲ ಅದನ್ನು ಯಾರು ನೋಡ್ತಾರೆ ಅತ್ತೆ, ಇಡಿ ಎಂದು ವಸುಧಾ ಬೇಡಿಕೊಂಡಿದ್ದಾಳೆ. ನಾನು ಜಗಳವನ್ನೇ ಆಡಿದ್ದೇನೆ. ಅಮ್ಮ ಬಗ್ಗುವವಳಲ್ಲ. ನವರಾತ್ರಿ ಬಂದರೆ ಬಟ್ಟಲನ್ನು ವಸುಧಾಳ ಕಡೆ ಕಣ್ಣಲ್ಲೇ ತೋರಿಸಿ, ಕುರ್ಚಿಯಲ್ಲಿ ಕೂತು ಬತ್ತಿ ಹೊಸೆಯುತ್ತಿರುತ್ತಾಳೆ. ಮುತ್ತೈದೆಯರು ಬಂದಾಗ ಕುರ್ಚಿಯಿಂದ ಎದ್ದು ರೂಮಿಗೆ ಹೋಗಿಬಿಡುತ್ತಾಳೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಈ ಸಲ ಗೊಂಬೆ ಜೋಡಿಸುವಾಗ ದಶಾವತಾರದ ಸಾಲಿಗೆ ಎ ಗ್ರೇಡಿನ ಡೈನೋಸಾರು ತಂದು ನಿಲ್ಲಿಸಿದೆ. ಅದು ನಿಲ್ಲಲಿಲ್ಲ. ಅಂದರೆ, ಅರ್ಧದಲ್ಲಿ ನಿಲ್ಲಲಿಲ್ಲ. ತಲೆ ಎತ್ತಿ ಹಿಡಿದು ಕೈಬಿಟ್ಟರೆ ಟಕ್ ಎಂದು ಮಡಚಿಕೊಂಡು ಯೋಧನಾಗುತ್ತದೆ. ಹಿಂದಕ್ಕೆ ತಳ್ಳಿದರೆ ಟಕ್ ಎಂದು ಪೂರ್ತಿ ಮೃಗ. ವಾಮನನ ಪಕ್ಕ ಒಮ್ಮೆ ಸಿಪಾಯಿ, ಒಮ್ಮೆ ಹಲ್ಲಿ. ನಾನು ಬೆವರುತ್ತಾ ಟಕ್ ಟಕ್ ಅನ್ನಿಸುತ್ತಿರುವುದನ್ನು ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಇಸಿದುಕೊಂಡಳು. ಹಣೆಯ ಮೇಲೆ ಹೆಬ್ಬೆರಳು ಆಡಿಸಿದಳು.

“ಅಕ್ಕ ಇಟ್ಟಿದ್ದು ಎಲ್ಲೋ?”

ಸ್ವಚ್ಛ ಮಾಡಿಸಿದೆ ಅಂದೆ. ಎ ಗ್ರೇಡ್ ಬಂತು ಎಂದೂ ಹೇಳಿದೆ.

ಅಮ್ಮ ಬೈಯಲಿಲ್ಲ. ಮಡಿಲಲ್ಲಿದ್ದ ಹತ್ತಿಯಿಂದ ಚೂರು ಕಿತ್ತು, ಅಂಗೈಯಲ್ಲಿ ಹೊಸೆದು, ನನ್ನ ಕೈಗೆ ಕೊಟ್ಟು, ಕತ್ತಿನ ಸಂದಿ ತೋರಿಸಿದಳು. ನಿಂಗೆ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿಲ್ದೇ ಏನು, ಬತ್ತಿ ಡಬ್ಬಿ ನಂದೇ ಅಲ್ವಾ ಅಂದಳು. ಅತ್ತೆ ಮುರಿದರು ಎಂದು ನಾವು ವರ್ಷಗಟ್ಟಲೆ ನಕ್ಕಾಗ, ಗೊತ್ತಿದ್ದೂ ಇವಳು ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ನಾನು ಆ ಬತ್ತಿ ಕಿತ್ತು ನರಸಿಂಹನನ್ನು ಇಳಿಸಿಬಿಡುತ್ತಿದ್ದೆ.

ಬತ್ತಿ ತುರುಕಿದೆ. ಕತ್ತು ನಿಂತಿತು. ವಸುಧಾ ಬಟ್ಟಲು ಹಿಡಿದು ಮುಂದೆ ಬಂದಳು. ಅಮ್ಮ ಅವಳನ್ನು ತಡೆದು, ಕುರ್ಚಿಯ ಕೈ ಹಿಡಿದು ಎದ್ದಳು. ಬಟ್ಟಲಿಗೆ ಬೆರಳದ್ದಿದಳು. ಕುಂಕುಮ ಹಣೆಗಿಂತ ಮೂಗಿಗೇ ಜಾಸ್ತಿ ಬಿತ್ತು.

“ಇದಕ್ಕೆ ಶಾಸ್ತ್ರ ಇಲ್ಲ,” ಅಂದಳು ನಮ್ಮಿಬ್ಬರ ಕಡೆ ನೋಡದೆ.

ವಸುಧಾ ಮುಖ ಆಚೆ ತಿರುಗಿಸಿಕೊಂಡಳು. ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ, ನನಗೂ ಕೈಗೊಂದು ಕೆಲಸ ಬೇಕಿತ್ತು. ಆ ಸಂಜೆ ಮುತ್ತೈದೆಯರು ಬಂದಾಗ ಅಮ್ಮ ರೂಮಿಗೆ ಹೋಗಲಿಲ್ಲ. ಯಾವ ಊರಿನ ನರಸಿಂಹ ಎಂದು ಯಾರೋ ಕೇಳಿದರು. ಸಿಂಗಪುರದ್ದು ಅಂದಳು.

ಫೋಟೋವನ್ನು ನಮ್ಮ ಭಾನುವಾರದ ಗುಂಪಿಗೆ ಹಾಕಿದೆ. ಮುರಳಿ ತಕ್ಷಣ ಬರೆದ, ಕತ್ತು ಮತ್ತೆ ಸಿಕ್ಕಿಕೊಂಡಿದೆಯಲ್ಲೋ, ಮುಖವೆಲ್ಲ ಕೆಂಪು, ಈಗ ಸಿ ಕೂಡ ಬರೋದಿಲ್ಲ, ಏನಾಯ್ತು?

ಅಮ್ಮ ಕುಂಕುಮ ಇಟ್ಟಳು, ಎಂದು ಬರೆದೆ.

ಅವನು ಅಳುವ ಮುಖದ ಚಿತ್ರ ಕಳಿಸಿದ. ನಾನು ಬರೆದ ಆ ಮೂರು ಪದಗಳನ್ನು ಇನ್ನೊಂದು ಸಲ ಓದಿಕೊಂಡೆ.