ಚಾಲೂ ಟವರ್ರು

ಆ ಹಸಿರು ದೀಪವನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ಅಮೀರ್‌ಪೇಟಿನಲ್ಲಿ ಏನೋ ಒಂದು ಕೋರ್ಸು ಮುಗಿಸಿದವರಿಗೆಲ್ಲ ಎಲ್ಲೋ ಒಂದು ಕಡೆ ಕೆಲಸ ಸಿಗುತ್ತಿತ್ತು. ನನಗೆ ಸಿಕ್ಕಿದ್ದು ಆಸ್ಟ್ರೇಲಿಯಾದ ಟಿವಿ ಕಾಯುವ ಕೆಲಸ. ಅಲ್ಲಿನ ಹಳ್ಳಿಗಾಡಿಗೆಂದೇ ಒಂದು ಪ್ರಾದೇಶಿಕ ಚಾನೆಲ್ ಇತ್ತು. ಕೇಬಲ್ಲಿಲ್ಲ, ತಿಂಗಳ ಬಾಡಿಗೆಯಿಲ್ಲ. ಮನೆ ಮೇಲೆ ಆಂಟೆನಾ ನಿಲ್ಲಿಸಿಕೊಂಡರೆ ಪುಕ್ಕಟೆ ನೋಡಬಹುದು. ಆ ಚಾನೆಲ್ಲಿನ ಟವರುಗಳು ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡುವುದು, ಏನೂ ಕಾಣುತ್ತಿಲ್ಲ ಎಂದು ಫೋನ್ ಮಾಡಿದವರಿಗೆ ಉತ್ತರ ಕೊಡುವುದು, ಎರಡನ್ನೂ ನಮ್ಮ ಕಂಪನಿ ಗುತ್ತಿಗೆ ಹಿಡಿದಿತ್ತು. "ಗಾಳ್ಯಾಗ ಪುಕ್ಕಟೆ ಬರೋದನ್ನ ಕಾಯಾಕ ನನ್ನ ಮಗಳಿಗೆ ಪಗಾರ ಕೊಡ್ತಾರ," ಎಂದು ಅವ್ವ ಕಾಲೊನಿ ತುಂಬ ಹೇಳಿಕೊಂಡು ನಕ್ಕಿದ್ದಳು. ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿದ್ದವರು, ಅವರು ನಗಲಿಲ್ಲ. ಯಂತ್ರ ಕಾಯುವುದು ಮರ್ಯಾದೆಯ ಕೆಲಸ ಎಂದು ನಂಬಿದವರು. ಪಾಪ, ನಮ್ಮ ಆಫೀಸನ್ನು ಅವರು ನೋಡಿರಲಿಲ್ಲ.

ನಮ್ಮ ಹಾಲಿನ ಗೋಡೆ ತುಂಬ ಪರದೆಗಳು. ಒಂದರಲ್ಲಿ ಚಾನೆಲ್ಲಿನ ಸ್ಟುಡಿಯೊದಿಂದ ನೇರವಾಗಿ ಬರುವ ಕಾರ್ಯಕ್ರಮ. ಪಕ್ಕದ್ದರಲ್ಲಿ ಟವರುಗಳ ನಕ್ಷೆ, ಒಂದೊಂದಕ್ಕೂ ಒಂದು ದೀಪ. ಹಸಿರಿದ್ದರೆ ನಡೆಯುತ್ತಿದೆ, ಕೆಂಪಾದರೆ ಕೆಟ್ಟಿದೆ. ಆದರೆ ಟವರು ಅಲೆ ಬಿಡುತ್ತಿದೆಯೇ ಎಂಬುದಷ್ಟೇ ಆ ದೀಪಕ್ಕೆ ಗೊತ್ತಾಗುತ್ತಿತ್ತು. ಅಲೆಯೊಳಗೆ ಚಿತ್ರ ಇದೆಯೋ ಮಣ್ಣಿದೆಯೋ, ಅದಕ್ಕೆ ಬೇಕಾಗಿರಲಿಲ್ಲ. ನಮ್ಮವರಿಗೂ ಬೇಕಾಗಿರಲಿಲ್ಲ. ಹಸಿರಿದ್ದಷ್ಟೂ ಕಂಪನಿಗೆ ಶಹಬ್ಬಾಸ್‌ಗಿರಿ. ಕೆಂಪಾದರೆ ಕರಾರಿನ ಪ್ರಕಾರ ದಂಡ, ಮೇಲೆ ಅಲ್ಲಿನ ದೂರದ ನಗರದಿಂದ ಎಂಜಿನಿಯರನ್ನು ಗುಡ್ಡ ಹತ್ತಿಸುವ ರಗಳೆ.

ನಮ್ಮ ಪಾಳಿಯ ಮೇಲ್ವಿಚಾರಕರು ಕಲಬುರ್ಗಿ ಕಡೆಯವರು. ಉಳಿದವರ ಜೊತೆ ತೆಲುಗು, ಹಿಂದಿ. ನನ್ನ ಜೊತೆ ಮಾತ್ರ ಕನ್ನಡ. ಬಂದ ಕೂಡಲೇ ನಕ್ಷೆಯ ಕಡೆ ಕೈ ಬೀಸಿ "ಎಲ್ಲಾ ಚಾಲೂ ಐತಿ" ಎಂದುಬಿಟ್ಟರೆ ಅವರ ದಿನದ ಕೆಲಸ ಮುಗಿದಂತೆ. ಚಾಲೂ ಎಂದರೆ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಎಂದರ್ಥ. ಸುಲ್ತಾನ್ ಬಜಾರಿಗೆ ಹೋದರೆ ಅದೇ ಮಾತಿನ ಬಣ್ಣ ಬೇರೆ. ಚಾಲೂ ಮಾಲು ಎಂದರೆ ಒಂದು ಒಗೆತಕ್ಕೆ ಬಣ್ಣ ಬಿಡುವ ಬಟ್ಟೆ, ಚಾಲೂ ಮನುಷ್ಯ ಎಂದರೆ ಟೋಪಿ ಹಾಕುವವನು. ಈ ಪುಣ್ಯಾತ್ಮ ಯಾವ ಅರ್ಥದಲ್ಲಿ ಹೇಳುತ್ತಿದ್ದರೋ ದೇವರಿಗೇ ಗೊತ್ತು.

ನಾವು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಅಲ್ಲಿ ಸಂಜೆ, ಊರ ಕಡೆಯ ವಾರ್ತೆಗಳ ಸಮಯ. ಅಂಥ ಒಂದು ಮಧ್ಯಾಹ್ನ ವಯಸ್ಸಾದ ಒಬ್ಬರ ಫೋನ್ ಬಂತು. ಕುರಿ ಸಾಕುವವರು. ಅವರ ಭಾಗದಲ್ಲಿ ವಾರವಿಡೀ ಮಳೆ ಹೊಯ್ದು ಹೊಳೆ ಬಂದಿತ್ತು. ಹೆಂಡತಿ ಆಚೆ ಊರಿನ ತಂಗಿಯ ಮನೆಗೆ ಹೋಗಿದ್ದರು, ಇನ್ನೇನು ಕಾರು ಹತ್ತಿ ಹೊರಡುವವರು. ನಡುವೆ ಒಂದು ತಗ್ಗು ಸೇತುವೆ. ದಾರಿಯಲ್ಲಿ ಮೊಬೈಲ್ ಹತ್ತುವುದಿಲ್ಲ. ಸೇತುವೆ ತೆರೆದಿದೆಯೋ ಮುಳುಗಿದೆಯೋ ಎಂದು ಹೇಳುವುದು ಈ ಚಾನೆಲ್ ಒಂದೇ, ಅದರಲ್ಲಿ ನೋಡಿದರೆ ಬೆಳಗಿನ ಅಡುಗೆ ಕಾರ್ಯಕ್ರಮದ ಹೆಂಗಸು ಬಾಯಿ ತೆರೆದವಳು ತೆರೆದಂತೆಯೇ ನಿಂತಿದ್ದಾಳೆ.

ಇಂಥವರಿಗೆ ಹೇಳಲೆಂದು ನಮಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದರು. ನಿಮ್ಮ ಭಾಗದಲ್ಲಿ ಸೇವೆ ಲಭ್ಯವಿದೆ ಎಂದು ಅದನ್ನೇ ಹೇಳಿದೆ. ಅವರು ಸಿಟ್ಟಾಗಲೂ ಇಲ್ಲ. "ಲಭ್ಯವಿದ್ದರೆ ಈಕೆ ಯಾಕಮ್ಮ ಬಾಯಿ ಮುಚ್ಚುತ್ತಿಲ್ಲ?" ಎಂದು ಕೇಳಿದರು. ಆ ಧ್ವನಿಯಲ್ಲಿದ್ದದ್ದು ಬರೀ ಗಾಬರಿ. ಸ್ವಲ್ಪ ತಡೆಯಿರಿ ಎಂದು ಹೇಳಿ ಮೇಲ್ವಿಚಾರಕರ ಮೇಜಿಗೆ ಓಡಿದೆ.

"ಸರ, ಆ ಟವರಿನ್ಯಾಗ ಚಿತ್ರ ನಿಂತುಬಿಟ್ಟೈತ್ರಿ. ಕೆಂಪ ಅಂತ ಬರೀರಿ, ಎಂಜಿನಿಯರನ್ನ ಕಳಸ್ರಿ."

ಅವರು ಪುಂಡಿಪಲ್ಯೆಗೆ ರೊಟ್ಟಿ ಅದ್ದುತ್ತಿದ್ದರು. ಕೈ ನಿಲ್ಲಲಿಲ್ಲ. "ದೀಪ ಹಸರ ಐತಲ್ರಿ ಮೇಡಂ. ಚಾಲೂ ಐತಿ."

"ಚಾಲೂ ಐತ್ರಿ, ಖರೆ. ಆದ್ರ ಏನೂ ಕಾಣವಲ್ದು."

"ಕಾಣೋದು ಅವರ ಕಣ್ಣಿಗೆ ಬಿಟ್ಟಿದ್ದು. ಆಂಟೆನಾ ತಿರುಗಸ್ರಿ ಅಂತ ಹೇಳ್ರಿ," ಎಂದು ಬೆರಳು ನೆಕ್ಕಿದರು.

ಥೂ ಅನ್ನಿಸಿತು. ವಾಪಸ್ ಬಂದು ಕೂರುವಷ್ಟರಲ್ಲಿ ಗೋಡೆಯ ಪರದೆಯಲ್ಲಿ ವಾರ್ತೆ ಶುರುವಾಗಿತ್ತು. ಸಮುದ್ರ ದಾಟಿ ಹೈದರಾಬಾದಿಗೆ ಬಂದ ಚಿತ್ರ ಕನ್ನಡಿಯಷ್ಟು ಸ್ವಚ್ಛ. ಟವರಿನ ಗುಡ್ಡದ ಬುಡದಲ್ಲೇ ಕೂತ ಮನುಷ್ಯನಿಗೆ ಅದು ಇಲ್ಲ. ಅವರು ಹೇಳಿದ ಊರಿನ ಹೆಸರು ಬಂತು, ಕಂದು ನೀರು ಬಂತು, ಸೇತುವೆಯ ಕಂಬಿ ಮಾತ್ರ ಮೇಲೆ ಕಾಣುತ್ತಿತ್ತು. ನಾನು ಹೆಡ್‌ಸೆಟ್ ಏರಿಸಿಕೊಂಡು ಪರದೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಓದಿದೆ: ಸೇತುವೆ ಮುಳುಗಿದೆ, ರಸ್ತೆ ಮುಚ್ಚಿದ್ದಾರೆ, ಇದ್ದಲ್ಲೇ ಇರಿ ಎನ್ನುತ್ತಿದ್ದಾರೆ. ಅವರು ತಟ್ಟನೆ ಫೋನ್ ಕುಕ್ಕಿದರು. ತಂಗಿಯ ಮನೆಗೆ ಹಚ್ಚಲು ಅವರಿಗಿದ್ದದ್ದು ಅದೊಂದೇ ಫೋನು.

ಹೆಂಡತಿ ಅಷ್ಟರಲ್ಲಿ ಹೊರಟುಬಿಟ್ಟಿದ್ದರೋ ಏನೋ ಎಂದು ನನ್ನ ಜೀವ ತಳಮಳಿಸುತ್ತಿತ್ತು. ಪಾಳಿ ಮುಗಿಯುವಾಗ ಮೇಲ್ವಿಚಾರಕರು ಕರೆದರು. ನನ್ನ ಕರೆಯ ರೆಕಾರ್ಡಿಂಗ್ ಕೇಳಿದ್ದರಂತೆ. ಬೈಯುತ್ತಾರೆ ಎಂದುಕೊಂಡು ಹೋದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಭಾಳ ಛಲೋ ಕೆಲಸ ಮಾಡಿದ್ರಿ. ನಾ ದೂರು ಬಂದ್ ಮಾಡೀನಿ. ಸೇವೆ ಮುಟ್ಟೈತಿ ಅಂತ ಬರದೀನಿ."

"ಎಲ್ಲಿ ಮುಟ್ಟೈತ್ರಿ ಸರ? ಅವರ ಟಿವಿ ಇನ್ನೂ ಹಂಗ ನಿಂತೈತಿ."

"ಸುದ್ದಿ ಮುಟ್ಟಿತಲ್ರಿ? ಮುಟ್ಟಿದ ಮ್ಯಾಲ ಟವರ್ ಕೆಟ್ಟಿತ್ತು ಅಂತ ಹೆಂಗ ಬರೀಲಿ, ನೀವ ಹೇಳ್ರಿ."

ಆ ಮುಖದಲ್ಲಿ ನಾಚಿಕೆಯ ಲವಲೇಶವೂ ಇರಲಿಲ್ಲ. ಮೋಸ ಮಾಡುವವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಆದರೆ ನನ್ನ ಗಂಟಲನ್ನೇ ತೆಗೆದು ತಮ್ಮ ಕೆಟ್ಟ ಟವರಿಗೆ ಸಿಕ್ಕಿಸಿಕೊಂಡು, ಮೇಲೆ ನನ್ನ ಬೆನ್ನು ಬೇರೆ ತಟ್ಟುವವರನ್ನು ಕಂಡಿರಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ತಟ್ಟೆ ಸರಿಸಿ ಎದ್ದರು, ಅಷ್ಟೇ.

ಮರುದಿನ ಅದೇ ಹೊತ್ತಿಗೆ ಅದೇ ಭಾಗದಿಂದ ಮತ್ತೆ ಫೋನ್. ಈ ಸಲ ಹೆಂಗಸಿನ ಧ್ವನಿ, ನಿನ್ನೆಯವರ ಹೆಂಡತಿ. ಕಾರಿನ ಬಾಗಿಲು ತೆಗೆದಿದ್ದಾಗ ತಂಗಿ ಕೂಗಿ ಕರೆದಳಂತೆ. ಈಗಲೂ ತಂಗಿಯ ಮನೆಯಲ್ಲೇ ಇದ್ದಾರೆ. ಕೇಳಿ ನನ್ನ ಕಣ್ಣು ತುಂಬಿ ಬಂತು. ಅಲ್ಲಿಯ ಟಿವಿಯೂ ಆ ಟವರಿನದೇ, ಅಲ್ಲೂ ಅದೇ ಅಡುಗೆಯ ಹೆಂಗಸು. ಹೊಳೆ ಇನ್ನೂ ಏರುತ್ತಿದೆಯೇ, ತಂಗಿಯ ಮನೆ ಬಿಡಬೇಕೇ ಎಂದು ಆಕೆ ಕೇಳಿದರು. ಗೋಡೆಯ ಮೇಲೆ ವಾರ್ತೆ ಶುರುವಾಗಿತ್ತು. ಮೇಲ್ವಿಚಾರಕರು ನನ್ನ ಕುರ್ಚಿಯ ಹಿಂದೆಯೇ ಬಂದು ನಿಂತು, ಓದ್ರಿ ಓದ್ರಿ ಎಂಬಂತೆ ತಲೆ ಆಡಿಸಿದರು. ಓದಿದರೆ ಟವರನ್ನು ಯಾರೂ ರಿಪೇರಿ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಆ ಕಡೆ ಆಕೆ ಕಾಯುತ್ತಿದ್ದರು. ನಾನು ಓದಿದೆ.